ಹೇಳಿದ್ದಷ್ಟೇ ಬರಿ

ರಘುನಾಥ್ ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತರು. ಯಮುನಾ ಬಲಕ್ಕೆ ಬಾಗಿ ಮೂರನೇ ಪ್ರಶ್ನೆಯನ್ನು ಅಣ್ಣ ದುರ್ಗೇಶನ ಕಿವಿಗೆ ಹಾಕಿದಳು.

ಪಕ್ಕದ ಹಾಲ್‌ಗೆ ಕೇಳದಷ್ಟು ಮೆಲ್ಲಗೆ ದುರ್ಗೇಶ ಉತ್ತರ ಹೇಳತೊಡಗಿದ. ಮುಖ ಮಾತ್ರ ಎದುರಿನ ಗೋಡೆಯ ಕಡೆಗೆ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ. ಯಮುನಾಳ ಪೆನ್ನು ಓಡಿತು. ಮೇಷ್ಟ್ರು ಕೋಟೆಯ ಬೆಟ್ಟ ನೋಡುತ್ತಲೇ ಇದ್ದರು. ಕೋಣೆಯಲ್ಲಿ ಇದ್ದದ್ದು ಮೂರೇ ಜನ. ಪಿಸುಮಾತು ಕೇಳಿಸದಿರಲು ಅವರೇನು ಕಿವುಡರಲ್ಲ.

ಪ್ರಶ್ನೆಪತ್ರಿಕೆ ಕೊಡುವಾಗಲೇ ಅವರು ತಗ್ಗಿದ ದನಿಯಲ್ಲಿ ಅಂದಿದ್ದರು: "ಆಫೀಸಲ್ಲಿ ಹೇಳಿದ್ದು ನೆನಪೈತಲ್ಲ? ಸ್ಕ್ವಾಡ್ ಬಂದಾಗ ಏನಾದ್ರೂ ಎಡವಟ್ಟಾದ್ರೆ ನಂಗೂ ಕಷ್ಟ, ನಿಮ್ಗೂ ಕಷ್ಟ."

ಎಂ.ಕಾಂ.ನ ಉಳಿದವರೆಲ್ಲ ದೊಡ್ಡ ಹಾಲ್‌ನಲ್ಲಿ ಬೆವರು ಸುರಿಸುತ್ತಿದ್ದರು. ಈ ಮೂಲೆಯ ಕೋಣೆ ಸುಮ್ಮನೆ ಸಿಕ್ಕಿದ್ದಲ್ಲ. ತಿಂಗಳ ಮೊದಲೇ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಅಲೆದು, ಯಾರ್ಯಾರನ್ನೋ ಕಂಡು, ಕೈ ಮುಗಿದು ಮಾಡಿಕೊಂಡ ವ್ಯವಸ್ಥೆ.

ಆದರೂ ಯಮುನಾಳಿಗೆ ನೆಮ್ಮದಿ ಇಲ್ಲ. ಬೆಂಚಿನ ಕೆಳಗೆ ಕಾಲು ತಾನಾಗಿ ಕುಣಿಯುತ್ತಿತ್ತು. ಫೈನಾನ್ಷಿಯಲ್ ಅಕೌಂಟಿಂಗ್ ಥಿಯರಿ ಎಂಬ ಈ ಪೇಪರ್ ಹೋದ ವರ್ಷ ಕೈಕೊಟ್ಟಿತ್ತು. ಈ ಸಲವೂ ಹೋದರೆ ಹಳೇ ಸಿಲಬಸ್ ಮುಗಿಯಿತು, ಮತ್ತೆ ಅವಕಾಶವಿಲ್ಲ. ಡಿಗ್ರಿ ಇಲ್ಲ, ಅದನ್ನು ನಂಬಿಕೊಂಡ ಲೆಕ್ಚರರ್ ಕೆಲಸದ ಆಸೆಯೂ ಇಲ್ಲ. ಇಷ್ಟು ದಿನದ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಓದೇನು ಕಡಿಮೆಯೇ? ಬೆಳಗಾಗೆದ್ದು ಅವಳು ಗಟ್ಟಿಯಾಗಿ ಓದುತ್ತಿದ್ದರೆ ಪಕ್ಕದ ಮನೆಯ ಪಾಲಮ್ಮ ಗೋಡೆಯಾಚೆಯಿಂದಲೇ, "ನಿನ್ ಪಾಠ ಕೇಳಿ ಕೇಳಿ ನಂಗೇ ಬಾಯಿಪಾಠ ಆಗೈತೆ ಕಣೇ," ಅನ್ನುತ್ತಿದ್ದಳು. ದುರ್ಗೇಶನೋ, ಪುಸ್ತಕದ ಗೊಡವೆಗೇ ಹೋಗದೆ ಗೋಡೆಗೊರಗಿ ಕಾಲು ಚಾಚಿ ಕೂರುತ್ತಿದ್ದ. ಅವನ ನೆನಪಿನ ಶಕ್ತಿ ಅಂಥದ್ದು. ಒಮ್ಮೆ ಕಿವಿಗೆ ಬಿದ್ದದ್ದು ಅಲ್ಲೇ ಕೂತುಬಿಡುತ್ತಿತ್ತು.

ಬೆಳಿಗ್ಗೆ ಬಸ್ಸಿನಲ್ಲಿ ಅವನು ಖಡಾಖಂಡಿತವಾಗಿ ಹೇಳಿದ್ದ.

"ಯಮುನಾ, ನಾನು ಹೇಳಿದ್ದಷ್ಟೇ ಬರಿ. ನಿನ್ ಬುದ್ಧಿ ಓಡಿಸ್ಬೇಡ."

"ಓಡಿಸಲ್ಲ ಬಿಡಣ್ಣ."

"ಅಮ್ಮನ ಮೇಲೆ ಆಣೆ ಮಾಡು."

ಮಾಡಿದ್ದಳು. ಒಳಗೊಳಗೇ ಸ್ವಲ್ಪ ಸಿಟ್ಟೂ ಬಂದಿತ್ತು.

ನಾಲ್ಕನೇ ಪ್ರಶ್ನೆ ಹದಿನೈದು ಅಂಕದ್ದು: ಮುನ್ನೆಚ್ಚರಿಕೆಯ ತತ್ವ. ಓದಿ ಹೇಳುವಾಗ ಯಮುನಾಳಿಗೆ ಹೋದ ಜೀವ ಬಂದಂತಾಯಿತು. ಇದು ಅವಳಿಗೆ ನೀರು ಕುಡಿದಷ್ಟು ಸುಲಭ. ಬರಲಿರುವ ಲಾಭವನ್ನು ಕೈಸೇರುವ ಮೊದಲು ಲೆಕ್ಕಕ್ಕೆ ತರಬಾರದು, ಬರಬಹುದಾದ ನಷ್ಟವನ್ನು ಮಾತ್ರ ಮೊದಲೇ ತರಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ ಅನ್ನುವುದನ್ನೇ ಪುಸ್ತಕದವರು ನಾಲ್ಕು ಪುಟ ಎಳೆದಿದ್ದಾರೆಂದು ಅವಳು ನಕ್ಕಿದ್ದೂ ಉಂಟು.

ದುರ್ಗೇಶ ಶುರು ಮಾಡಿದ. ಗಾಬರಿಯೋ ಏನೋ, ಎಲ್ಲವೂ ತಿರುಗುಮುರುಗು. ಲಾಭವನ್ನು ಮೊದಲೇ ತೋರಿಸಬೇಕಂತೆ, ನಷ್ಟವನ್ನು ಬಂದ ಮೇಲೆ ನೋಡಿಕೊಳ್ಳಬೇಕಂತೆ.

ಪೆನ್ನು ನಿಂತಿತು.

"ಯಾಕೆ ನಿಲ್ಸಿದೆ?"

ಹದಿನೈದು ಅಂಕ. ಪಾಸು ಫೇಲು ಎರಡೂ ಅದರಲ್ಲೇ ಇದ್ದವು. ಸರಿಯಾದ ಸಾಲು ನಾಲಿಗೆಯ ತುದಿಗೆ ಬಂದಿತ್ತು. ಬೆರಳು ತುರಿಸುತ್ತಿತ್ತು. ಅವಳು ಮೇಷ್ಟ್ರ ಬೆನ್ನು ನೋಡಿದಳು, ಅಣ್ಣನ ಮುಖ ನೋಡಿದಳು.

"ಏನಿಲ್ಲ. ಹೇಳಣ್ಣ."

ಗೊತ್ತಿದ್ದೂ ಗೊತ್ತಿದ್ದೂ ತಪ್ಪನ್ನೇ ದುಂಡಗೆ ಬರೆದಳು. ಅವನು ಮಾತ್ರ ಗೆದ್ದವನ ಹುರುಪಿನಲ್ಲಿ ಹೇಳುತ್ತ ಹೋದ.

ಆಗಲೇ ಸ್ಕ್ವಾಡ್‌ನ ಹೆಂಗಸೊಬ್ಬರು ಸದ್ದಿಲ್ಲದೆ ಒಳಬಂದರು. ಮೇಷ್ಟ್ರು ಸೆಟೆದು ನಿಂತರು. ದುರ್ಗೇಶನಿಗೆ ಅದರ ಪರಿವೆಯೇ ಇಲ್ಲ, ಬಾಯಿ ನಿಲ್ಲಲಿಲ್ಲ. ಆಕೆ ಯಮುನಾಳ ಬೆನ್ನ ಹಿಂದೆ ನಿಂತು, ಕಿವಿಯನ್ನು ಅವನ ಮಾತಿಗೆ ಕೊಟ್ಟು, ಕಣ್ಣನ್ನು ಇವಳ ಹಾಳೆಯ ಮೇಲೆ ನೆಟ್ಟರು.

"ಇವ್ರು ಹೇಳಿದ್ದನ್ನೇ ಬರೀತಿದೀಯೇನಮ್ಮ?"

ಯಮುನಾ ತಲೆ ಎತ್ತಲಿಲ್ಲ. "ಹೂಂ ಮೇಡಂ."

"ನಿಂದು ಒಂದು ಪದನೂ ಇಲ್ವಾ?"

"ಇಲ್ಲ ಮೇಡಂ. ಒಂದೂ ಇಲ್ಲ."

"ಒಳ್ಳೇದು. ಮುಂದುವರಿಸ್ರಿ," ಎಂದು ಆಕೆ ಬೆಂಚಿನ ಮೇಲಿದ್ದ ಒಂದೇ ಒಂದು ಹಾಲ್‌ಟಿಕೆಟ್ ಎತ್ತಿಕೊಂಡು, ಅದರಲ್ಲಿದ್ದ ಫೋಟೊವನ್ನು ದುರ್ಗೇಶನ ಮುಖದೊಂದಿಗೆ ತಾಳೆ ನೋಡಿದರು.

ಹುಟ್ಟಿನಿಂದ ಕಣ್ಣು ಕಾಣದ ಅಣ್ಣನ ಪರೀಕ್ಷೆಗೆ, ಪಿಯುಸಿಗೇ ಓದು ಬಿಟ್ಟಿದ್ದ ಯಮುನಾ ಅವನು ಹೇಳಿದ್ದನ್ನು ಬರೆಯಲು ಬಂದವಳು, ತಿದ್ದಲು ಅಲ್ಲ.