ಮೂರು ಗಂಟೆಯ ಚಳಿ

ಆನೆಯನ್ನು ಮೊದಲು ಕಂಡದ್ದು ಕುಮುದಿನಿ. ಅವಳ ಮಾವ ದೇರಣ್ಣ ಸೊಳ್ಳೆ ಓಡಿಸಲೆಂದು ಹೊಗೆಯಾಡುವ ತೆಂಗಿನ ಸಿಪ್ಪೆಯೊಂದನ್ನು ಬೀಸುತ್ತಾ, ಆ ಹೊಗೆಗೆ ತಾವೇ ಕಣ್ಣುಜ್ಜಿಕೊಳ್ಳುತ್ತಾ ಮುಂದೆ ನಡೆಯುತ್ತಿದ್ದರು. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ನೇರ ಅದರ ಕಣ್ಣೆದುರಿಗೇ ಹೋಗುತ್ತಿದ್ದರು. ಸೊಸೆಯಾದವಳು ಮೈ ಮುಟ್ಟುವಂತಿಲ್ಲ, ಕೂಗುವಂತಿಲ್ಲ. ಅವಳು ಅವರ ಹೆಗಲ ಮೇಲಿನ ಬೈರಾಸಿನ ತುದಿ ಹಿಡಿದು ಎಳೆದಳು.

ಕೆಳಗೆ ಬತ್ತಿದ ಹಳ್ಳದಲ್ಲಿ ಒಂಟಿ ಸಲಗ. ಮರಳನ್ನು ಕಾಲಿನಿಂದ ಕೆದಕಿ ಗುಂಡಿ ಮಾಡಿಕೊಂಡಿತ್ತು. ಒರತೆ ಒಸರುವವರೆಗೆ ಕಾಯುವುದು, ಸೊಂಡಿಲಿಗೆ ಸಿಕ್ಕಷ್ಟು ಹೀರುವುದು, ಮತ್ತೆ ಕಾಯುವುದು. ವಿಷು ಕಳೆದು ಹತ್ತು ದಿನ. ಸಂಪಾಜೆಯ ಮೇಲಿನ ಕಾಡಿನಲ್ಲಿ ನೀರು ಅಷ್ಟು ಬೇಗ ಒಸರುವ ಕಾಲವಲ್ಲ. ಹಿಂದೆ ಸರಿಯೋಣವೆಂದರೆ ದಾರಿಯ ತುಂಬ ಒಣಗಿದ ಬಿದಿರೆಲೆ. ಹೆಜ್ಜೆಯಿಟ್ಟರೆ ಹಪ್ಪಳ ಮುರಿದ ಹಾಗೆ ಸದ್ದು. ಪುಣ್ಯಕ್ಕೆ ಗಾಳಿ ಆನೆಯ ಕಡೆಯಿಂದ ಇವರ ಕಡೆಗೆ ಬೀಸುತ್ತಿತ್ತು. ಬಿದಿರ ಮೆಳೆಯ ಮರೆಯಲ್ಲಿ ಇಬ್ಬರೂ ಇದ್ದಲ್ಲೇ ಮೆಲ್ಲಗೆ ಕುಕ್ಕರಿಸಿದರು. ಗಾಳಿ ಯಾವಾಗ ತಿರುಗುತ್ತದೋ ಎಂದು ದೇರಣ್ಣ ಕೆಂಡದ ಸಿಪ್ಪೆಯನ್ನು ಮಣ್ಣಿಗೆ ಒತ್ತಿ, ಬರಿಗೈಯಲ್ಲೇ ಮುಚ್ಚಿದರು.

ಹೊಗೆ ನಿಂತಿತು. ಸೊಳ್ಳೆಗಳು ಬಂದವು.

ಕಿವಿಗೆ, ರೆಪ್ಪೆಗೆ, ಕಾಲ್ಬೆರಳ ಸಂದಿಗೆ. ಸೆರಗು ಹೊದ್ದರೆ ಸೆರಗಿನ ಮೇಲಿನಿಂದಲೇ ಕಚ್ಚಿದವು. ಹೊಡೆಯುವುದು ಹೋಗಲಿ, ಕೈ ಎತ್ತಲೂ ಕುಮುದಿನಿಗೆ ಧೈರ್ಯವಾಗಲಿಲ್ಲ. ದೇರಣ್ಣನ ಮೂಗಿನ ತುದಿಯಲ್ಲೊಂದು ಕೂತು, ಹೀರಿ ಹೀರಿ ಕೆಂಪಗೆ ಉಬ್ಬುತ್ತಿತ್ತು. ಅವರು ಅದನ್ನೇ ನೋಡುತ್ತಾ, ಉಸಿರಿನಷ್ಟೇ ಸಣ್ಣ ದನಿಯಲ್ಲಿ ಹೇಳಿದರು. “ಅಲ್ಲಿ ಅದು ಕುಡಿಯುದು, ಇಲ್ಲಿ ಇದು ಕುಡಿಯುದು. ಎರಡರದ್ದೂ ಹೊಟ್ಟೆ ತುಂಬಲಿ, ಮತ್ತೆ ನಾವು ಹೋಗುವ.”

ಅಂಥ ಹೊತ್ತಿನಲ್ಲೂ ಅವಳಿಗೆ ನಗು ಬರುವುದರಲ್ಲಿತ್ತು. ಆದರೆ ಮಾವ ಆನೆಯನ್ನು ನೋಡುತ್ತಿರಲಿಲ್ಲ. ಬಿದಿರಿನ ನೆರಳು ಎಲ್ಲಿಯವರೆಗೆ ಬಂತೆಂದು ನೋಡುತ್ತಿದ್ದರು.

“ಮಗಾ, ಇವತ್ತು ನನ್ನ ಚಳಿಯ ದಿನ.”

ಹದಿನೈದು ದಿನದಿಂದ ಅವರಿಗೆ ಚಳಿಜ್ವರ, ದಿನ ಬಿಟ್ಟು ದಿನ, ಮಧ್ಯಾಹ್ನ ಮೂರಕ್ಕೆ, ಗಡಿಯಾರ ನೋಡಿ ಬಂದ ಹಾಗೆ. ಬಂತೆಂದರೆ ಮೂರು ಕಂಬಳಿ ಹೊದಿಸಿದರೂ ಮಂಚ ಅಲ್ಲಾಡುತ್ತಿತ್ತು. ಹಿಂದಿನ ತಿಂಗಳಷ್ಟೇ ಸರಕಾರದವರು ಬಂದು ಮನೆಯ ಗೋಡೆಗೆಲ್ಲ ಡಿ.ಡಿ.ಟಿ. ಹೊಡೆದು ಹೋಗಿದ್ದರು, ಅಷ್ಟರಲ್ಲಾಗಲೇ ಜ್ವರ ಒಳಗೆ ಸೇರಿತ್ತೇನೋ.

“ಇವತ್ತಲ್ಲ, ನಾಳೆ ಅಂತ ಹೇಳಿದ್ದಲ್ವಾ ಮಾವ?”

“ಹೇಳಿದ್ದು ಸುಳ್ಳು.”

ಗುಡ್ಡದ ಮೇಲಿನ ತವರಿನಿಂದ, ಅವ್ವ ಹಾಸಿಗೆ ಹಿಡಿದಿದ್ದಾಳೆಂದು ನಿನ್ನೆ ಸಂಜೆ ಸುದ್ದಿ ಬಂದಿತ್ತು. ಗಂಡ ಅಚ್ಚುತ ಊರಲ್ಲಿರಲಿಲ್ಲ. ಬೆಳಿಗ್ಗೆ ಅತ್ತೆ ದಿನ ಲೆಕ್ಕ ಹಾಕಿ, ಇವತ್ತು ಚಳಿಯ ದಿನ, ನಾಳೆ ಹೊರಡಿ ಎಂದದ್ದಕ್ಕೆ ಮಾವ, ನಿನ್ನ ಲೆಕ್ಕ ತಪ್ಪು ಎಂದು ಜಗಳವಾಡಿ ಇವಳನ್ನು ಹೊರಡಿಸಿದ್ದರು. ಮೂರರೊಳಗೆ ಮೇಲೆ ಮುಟ್ಟಿ ಅಲ್ಲೇ ಮಲಗಿದರಾಯಿತು ಎಂದುಕೊಂಡಿದ್ದರಂತೆ. ಸುಳ್ಯದ ಬಸ್ಸು ಎರಡು ಗಂಟೆ ತಡವಾಗುತ್ತದೆಂದು ಯಾರಿಗೆ ಗೊತ್ತಿತ್ತು.

ಮೊದಲು ದವಡೆ ನಡುಗಿತು. ದೇರಣ್ಣ ಬೈರಾಸನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡರು. ಆಮೇಲೆ ಭುಜ. ಆಮೇಲೆ ಮೊಣಕಾಲು. ಅವರ ಕೆಳಗಿನ ಎಲೆಗಳು ಸರಸರ ಎನ್ನತೊಡಗಿದವು. ಹಳ್ಳದಲ್ಲಿ ಬೀಸಣಿಗೆಯಂತೆ ಆಡುತ್ತಿದ್ದ ಕಿವಿಗಳು ಥಟ್ಟನೆ ನಿಂತವು. ಸೊಂಡಿಲು ಮೇಲೆದ್ದು ಗಾಳಿಯಲ್ಲಿ ಏನನ್ನೋ ಹುಡುಕಿತು.

ಮದುವೆಯಾಗಿ ಮೂರು ವರ್ಷದಲ್ಲಿ ಕುಮುದಿನಿ ಮಾವನ ಎದುರು ಕೂತವಳಲ್ಲ. ನೀರಿನ ಚೆಂಬನ್ನೂ ನೆಲದ ಮೇಲಿಟ್ಟು ಸರಿಯುತ್ತಿದ್ದಳು, ಕೈಗೆ ಕೊಡುತ್ತಿರಲಿಲ್ಲ. ಈಗ ಕೂತಲ್ಲಿಂದಲೇ ಅವರ ಮೇಲೆ ಬಾಗಿದಳು. ಎರಡೂ ತೋಳಿನಿಂದ ಬಳಸಿ, ನಡುಗುವ ಮೊಣಕಾಲುಗಳನ್ನು ತನ್ನ ಮೊಣಕಾಲಿನಿಂದ ಒತ್ತಿ, ನರೆತ ತಲೆಯನ್ನು ಹೆಗಲಿಗೆ ಅದುಮಿಕೊಂಡಳು. ದೇರಣ್ಣ ಒಮ್ಮೆ ಅವಳನ್ನು ದೂರ ತಳ್ಳಲು ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡರು. ಹಗ್ಗ ಬಿಗಿದ ಕರುವನ್ನು ಹಿಡಿದ ಹಾಗಿತ್ತು. ಒಳಗಿನಿಂದ ಯಾರೋ ಜಗ್ಗುತ್ತಿದ್ದಾರೆ ಅನ್ನಿಸುತ್ತಿತ್ತು. ಅವಳ ಎರಡು ಕೈಯೂ ಅವರ ಬೆನ್ನಿನ ಮೇಲಿದ್ದವು. ಆ ಕೈಗಳ ಮೇಲೆ ಎಳ್ಳು ಚೆಲ್ಲಿದ ಹಾಗೆ ಸೊಳ್ಳೆ.

ಎಷ್ಟು ಹೊತ್ತೋ. ಕೆಳಗೆ ಮತ್ತೆ ನೀರು ಹೀರುವ ಸದ್ದು ಕೇಳಿತು. ನಿಂತಿತು. ಮತ್ತೆ ಕೇಳಿತು. ತಬ್ಬಿದ ಮೈ ಮೆಲ್ಲಮೆಲ್ಲಗೆ ಬಿಸಿಯೇರಿ ಒಲೆಯ ಕಲ್ಲಿನ ಹಾಗೆ ಸುಡತೊಡಗಿತು. ಅದಾಗಿ ಸ್ವಲ್ಪ ಹೊತ್ತಿಗೆ ಹಳ್ಳದಲ್ಲಿ ಕಲ್ಲುಗಳು ಉರುಳಿದವು. ಆಚೆ ದಡದಲ್ಲಿ ಬಿದಿರು ಮುರಿಯಿತು. ಇನ್ನೂ ಮೇಲೆ, ಇನ್ನೂ ದೂರದಲ್ಲಿ ಇನ್ನೊಂದು ಮುರಿಯಿತು. ಕುಮುದಿನಿ ಕೈ ಸಡಿಲಿಸಲಿಲ್ಲ. ಎಲೆಗಳಿನ್ನೂ ಸರಸರ ಎನ್ನುತ್ತಿದ್ದವು. ಚಳಿ ಬಿಟ್ಟಿಲ್ಲವೆಂದು ಇನ್ನಷ್ಟು ಬಿಗಿಯಾಗಿ ಹಿಡಿದಳು.

ದೇರಣ್ಣ ಬಾಯಿಯ ಬಟ್ಟೆ ತೆಗೆದರು. ಕೆಂಡದಂತೆ ಸುಡುವ ಅಂಗೈಯಿಂದ ಅವಳ ಹಣೆಯ ಮೇಲಿನ ಸೊಳ್ಳೆಗಳನ್ನು ಮೆಲ್ಲಗೆ ಒರೆಸಿದರು.

“ನನ್ನದು ಬಿಟ್ಟು ಆಗಲೇ ಹೊತ್ತಾಯ್ತು ಮಗಾ. ಈಗ ನಡುಗುದು ನೀನು.”

ಅವಳು ನಾಚಿ ಹಲ್ಲು ಕಚ್ಚಿದಳು, ಮೈಯನ್ನೆಲ್ಲ ಬಿಗಿ ಹಿಡಿದಳು.

“ತಡೆಯುದು ಎಂತಕ್ಕೆ?” ಎಂದರು ದೇರಣ್ಣ. “ಇನ್ನು ನಡುಗಬಹುದು.”