ಹೆಗಲು ಕೊಡುವ ಹುಡುಗ

ಬಡಾವಣೆಯಲ್ಲಿ ಯಾರು ತೀರಿಕೊಂಡರೂ ಮೊದಲು ಓಡಿಬಂದು ಶಾಮಿಯಾನ ಹಾಕಿಸುತ್ತಿದ್ದವನು ಮನೆ ಬ್ರೋಕರ್ ಲೋಹಿತ. ಚಟ್ಟಕ್ಕೆ ಹೆಗಲು ಕೊಡುತ್ತಿದ್ದ. ತಿಥಿಯ ದಿನ ಸೊಂಟಕ್ಕೆ ಟವೆಲ್ ಬಿಗಿದು ತಾನೇ ಸಾರು ಬಡಿಸುತ್ತಿದ್ದ. ಅದೆಲ್ಲ ಮುಗಿದ ಮೇಲೆ ಮನೆ ಮಾರುವುದಕ್ಕೆ ತೀರಿಕೊಂಡವರ ಮಕ್ಕಳು ಬೇರೆ ಬ್ರೋಕರನನ್ನು ಹುಡುಕುತ್ತಿರಲಿಲ್ಲ. ಕಸುಬಿಗಿಳಿದ ಎರಡನೇ ವರ್ಷಕ್ಕೇ ಅವನು ಕಾರು ಕೊಂಡ.

ಭಾನುವಾರ ನಿವಾಸಿಗಳ ಸಂಘದ ಅಧ್ಯಕ್ಷ ಪುಟ್ಟಮಾದಯ್ಯನವರು ಅವನಿಗೆ ಶಾಲು ಹೊದಿಸಿ, "ಇಂಥ ಹುಡುಗ ಬೀದಿಗೊಬ್ಬ ಇರಬೇಕು" ಎಂದು ಭಾಷಣ ಮಾಡಿದರು.

ಮಂಗಳವಾರ ಪುಟ್ಟಮಾದಯ್ಯನವರಿಗೆ ಎದೆ ಉರಿಯಿತು. ಡಾಕ್ಟರು ನೋಡಿ, ಗ್ಯಾಸ್ ಅಷ್ಟೇ ಎಂದರು. ಪಥ್ಯ ಹೇಳುವುದಕ್ಕೆಂದು ಹೆಂಡತಿಯನ್ನು ಮಾತ್ರ ಒಳಗೆ ಕರೆದರು.

ಮನೆಗೆ ಬಂದು ಮಜ್ಜಿಗೆ ಕುಡಿಯುತ್ತಿರುವಾಗ ಲೋಹಿತ ಎಳನೀರು ಹಿಡಿದು ಬಂದ.

"ಹೇಗಿದ್ದೀರಿ ಸಾರ್?"

"ನನಗೇನಾಗಿದೆಯೋ? ಬರೀ ಗ್ಯಾಸು."

"ಅಷ್ಟೇ ಸಾರ್. ಧೈರ್ಯವಾಗಿರಿ." ಅವನು ಬಾಗಿಲ ಚೌಕಟ್ಟನ್ನು ಬೆರಳಿನಿಂದ ತಟ್ಟಿ ನೋಡಿದ. "ತೇಗದ್ದಾ ಸಾರ್?"

"ಹೂಂ."

"ಮಕ್ಕಳೆಲ್ಲ ಬರ್ತಾ ಇದಾರಾ?"

"ಅವರ್ಯಾಕೆ ಬರ್ಬೇಕು?"

"ಸುಮ್ನೆ ಕೇಳ್ದೆ ಸಾರ್."

ಎಂದೂ ಇಲ್ಲದವನು ಅವತ್ತು ಅವರ ಕಾಲು ಮುಟ್ಟಿ ನಮಸ್ಕರಿಸಿ ಹೊರಟ.

ಗೇಟು ಹಾಕಿದ ಸದ್ದಾಯಿತು. ಪುಟ್ಟಮಾದಯ್ಯನವರು ಮಜ್ಜಿಗೆಯ ಲೋಟ ಕೆಳಗಿಟ್ಟು ಹೆಂಡತಿಯನ್ನು ಕರೆದರು.

"ನಿಜ ಹೇಳು. ಡಾಕ್ಟ್ರು ನಿನ್ನೊಬ್ಬಳನ್ನೇ ಒಳಗೆ ಕರೆದು ಏನಂದ್ರು?"