ನೆಟ್ಟ ಕಳ್ಳಿ

ಹೆಸರಿಡುವ ಮೊದಲೇ ತೀರಿಕೊಂಡ ನನ್ನ ಮಗುವನ್ನು ಮಾವ ಒಬ್ಬರೇ ದಿಣ್ಣೆಗೆ ಒಯ್ದು ಮಣ್ಣು ಮಾಡಿದ್ದರು. ಆಗೆಲ್ಲ ಹೆಂಗಸರು ಅಲ್ಲಿಗೆ ಹೋಗುವಂತಿರಲಿಲ್ಲ. ಜಾಗ ಎಲ್ಲಿ ಎಂದು ಎಷ್ಟು ಕೇಳಿದರೂ ಅವರು ಹೇಳಲಿಲ್ಲ. ಸಾಯುವ ಮುಂಚೆ ಮಾತ್ರ, "ನರಿ ಕೆದಕದೇ ಇರ್ಲಿ ಅಂತ ಮೇಲೆ ಕಳ್ಳಿಕಡ್ಡಿ ನೆಟ್ಟಿವ್ನಿ ಕಣವ್ವ" ಎಂದರು.

ದಿಣ್ಣೆಯ ತುಂಬ ಕಳ್ಳಿಯೇ. ಒಂದೊಂದರ ಫೋಟೊ ತೆಗೆದು, ಗಿಡ ಗುರುತಿಸಿಕೊಡುವ ವೆಬ್‌ಸೈಟಿಗೆ ಹಾಕಿ, ಇದರಲ್ಲಿ ನೆಟ್ಟದ್ದು ಯಾವುದು ಎಂದು ಕೇಳಿದೆ.

"ಹದಿನೆಂಟು ವರ್ಸ ಆಯ್ತು. ಒಂದು ಕೂಸಿಗೆ ಇನ್ನೂ ಅಳ್ತಾ ಕೂತವ್ಳೆ," ಅತ್ತೆ ಅವರೆಕಾಯಿ ಸುಲಿಯುತ್ತಾ ಗೊಣಗಿದರು. "ಫೋನು ಹೇಳ್ತದಂತೆ, ಫೋನು!"

"ಫೋನಲ್ಲ ಅತ್ತೆ, ಗಿಡ ಬಲ್ಲೋರು ಹೇಳ್ತಾರೆ."

ಮರುದಿನ ಉತ್ತರ ಬಂತು. ಅತ್ತೆಗೂ ಕೇಳಲಿ ಎಂದು ಗಟ್ಟಿಯಾಗಿ ಓದಿದೆ. "ಉಳಿದವೆಲ್ಲ ಕಾಡುಕಳ್ಳಿ. ಮೂರು ಮಾತ್ರ ಬೇರೆ ಜಾತಿಯವು, ನಿಮ್ಮ ಕಡೆ ತಾವಾಗಿ ಹುಟ್ಟುವುದಿಲ್ಲ. ಮೂರನ್ನೂ ಯಾರೋ ನೆಟ್ಟಿದ್ದಾರೆ."

"ಮೂರಾ? ನಾನು ಕಳ್ಕೊಂಡಿದ್ದು ಒಂದೇ ಅಲ್ವಾ ಅತ್ತೆ?"

ಅತ್ತೆಯ ಕೈ ನಿಂತಿತು. ಮೊರ ಪಕ್ಕಕ್ಕೆ ಸರಿಸಿ, ಗೋಡೆ ಹಿಡಿದು ಎದ್ದು ಬಂದು ನನ್ನ ಹೆಗಲಿಗೆ ಒರಗಿ ನಿಂತರು.

"ತೋರ್ಸವ್ವ," ಎಂದರು. "ಅದ್ರಲ್ಲಿ ನನ್ನವೆರಡು ಯಾವ್ಯಾವು?"